ಅಮೆರಿಕದ ರೆಸಿಡೆನ್ಸಿ ಮ್ಯಾಚ್: ಆಸ್ಪತ್ರೆಗಳು ನಮ್ಮ ಹೆಸರನ್ನು ಮೇಲೆ ಕೆಳಗೆ ಮಾಡೋದು ಹೇಗೆ?

ಫೆಬ್ರವರಿ ಬಂತು ಅಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ಈ ಸಲ ಮೊದಲು ಕೇಳಿದವಳು ದಾವಣಗೆರೆ ಕಡೆಯ ಹುಡುಗಿ. ಎಂಬಿಬಿಎಸ್ ಮುಗಿಸಿದ್ದಾಳೆ, ಅಮೆರಿಕದಲ್ಲಿ ಡಾಕ್ಟರಾಗೋಕೆ ಬರೆಯಬೇಕಾದ ಸ್ಟೆಪ್ ಪರೀಕ್ಷೆಗಳನ್ನು ಪಾಸು ಮಾಡಿದ್ದಾಳೆ, ಅಮೆರಿಕದ ಆರು ಆಸ್ಪತ್ರೆಗಳಿಗೆ ಇಂಟರ್ವ್ಯೂ ಕೊಟ್ಟಿದ್ದಾಳೆ. ಈಗ ರ್‍ಯಾಂಕ್ ಲಿಸ್ಟ್, ಅಂದರೆ ಯಾವ ಆಸ್ಪತ್ರೆ ಮೊದಲು ಬೇಕು, ಯಾವುದು ಆಮೇಲೆ ಅನ್ನೋ ಪಟ್ಟಿ, ಮಾಡೋಕೆ ಕೂತಿದ್ದಾಳೆ. ಆಸ್ಪತ್ರೆಗಳೂ ಹೀಗೇ ಡಾಕ್ಟರುಗಳ ಪಟ್ಟಿ ಮಾಡುತ್ತವೆ.

"ಅಕ್ಕಾ, ನನಗೆ ತುಂಬ ಇಷ್ಟವಾದ ಪ್ರೋಗ್ರಾಮ್ ಒಂದಿದೆ. ಆದರೆ ಅಲ್ಲಿ ಇಂಟರ್ವ್ಯೂ ಅಷ್ಟು ಚೆನ್ನಾಗಿ ಆಗಲಿಲ್ಲ. ಅವರು ನನ್ನನ್ನ ಮೇಲೆ ಹಾಕಿರಲ್ಲ ಅನ್ಸುತ್ತೆ. ಅದನ್ನೇ ಫಸ್ಟ್ ಹಾಕಿ, ಅದು ಸಿಗದೆ ಹೋದ್ರೆ, ಅಷ್ಟರಲ್ಲಿ ಎರಡನೇದೂ ಬೇರೆಯವರಿಗೆ ಹೋಗಿಬಿಟ್ಟಿರುತ್ತಾ?"

ಇಲ್ಲ. ಹೋಗಿರುವುದಿಲ್ಲ. ಇಷ್ಟು ಹೇಳಿದರೆ ಉತ್ತರ ಮುಗಿಯಿತು, ಆದರೆ ಯಾರೂ ನಂಬುವುದಿಲ್ಲ. ನಾನೂ ನನ್ನ ವರ್ಷದಲ್ಲಿ ನಂಬಿರಲಿಲ್ಲ. ಹಾಗಾಗಿ ಇದು ಹೇಗೆ ನಡೆಯುತ್ತದೆ ಅನ್ನೋದನ್ನು ಬಿಡಿಸಿ ಬರೆಯುತ್ತಿದ್ದೇನೆ. ಅರ್ಜಿ ಹಾಕಿದವಳಾಗಿ ಒಂದು ಸಲ, ಆಮೇಲೆ ಚೀಫ್ ರೆಸಿಡೆಂಟ್ (ತರಬೇತಿ ಡಾಕ್ಟರುಗಳ ಮುಖ್ಯಸ್ಥೆ) ಆಗಿ ಮೇಜಿನ ಆ ಕಡೆ ಕೂತು ಇನ್ನೊಂದು ಸಲ, ಎರಡೂ ಕಡೆಯಿಂದ ಇದನ್ನು ನೋಡಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ನಮ್ಮಲ್ಲಿ ಪಿಜಿ ಅನ್ನೋದನ್ನು ಅಲ್ಲಿ ರೆಸಿಡೆನ್ಸಿ ಅನ್ನುತ್ತಾರೆ. ಒಂದು ಆಸ್ಪತ್ರೆಯ ಒಂದು ವಿಭಾಗ ನಡೆಸುವ ತರಬೇತಿಗೆ ಪ್ರೋಗ್ರಾಮ್ ಅಂತ ಹೆಸರು. ಯಾರು ಯಾವ ಪ್ರೋಗ್ರಾಮಿಗೆ ಹೋಗಬೇಕು ಅನ್ನೋದನ್ನು ದೇಶಕ್ಕೆಲ್ಲ ಸೇರಿ ಒಂದೇ ಸಲ ಕಂಪ್ಯೂಟರ್ ಹೊಂದಿಸುತ್ತದೆ. ಅದೇ ಮ್ಯಾಚ್. ನಡೆಸುವ ಸಂಸ್ಥೆ ನ್ಯಾಷನಲ್ ರೆಸಿಡೆಂಟ್ ಮ್ಯಾಚಿಂಗ್ ಪ್ರೋಗ್ರಾಮ್, ಎಲ್ಲರ ಬಾಯಲ್ಲಿ ಎನ್‌ಆರ್‌ಎಂಪಿ. 2024ರ ಮ್ಯಾಚ್‌ನಲ್ಲಿ ಇದ್ದ ಸೀಟು 41,503.

ನಮ್ಮ ಮಕ್ಕಳಿಗೆ ಇದು ಗೊಂದಲ ಆಗೋದಕ್ಕೆ ಕಾರಣ ಇದೆ. ನಾವು ನೋಡಿ ಬೆಳೆದದ್ದು ಕೆಇಎ ಕೌನ್ಸೆಲಿಂಗ್. ಅಲ್ಲೂ ಆಪ್ಷನ್ ಎಂಟ್ರಿ ಮಾಡುತ್ತೇವೆ, ಅಲ್ಲೂ ಇಷ್ಟದ ಕಾಲೇಜನ್ನು ಮೇಲೆ ಹಾಕುತ್ತೇವೆ. ಆದರೆ ಅಲ್ಲಿ ನೀಟ್ ಪಿಜಿ ರ್‍ಯಾಂಕ್ ಅಂತ ಎಲ್ಲರಿಗೂ ಒಂದೇ ಸಾಲು ಇರುತ್ತದೆ. ನನಗಿಂತ ಮುಂದೆ ಇರುವವನು ಎಲ್ಲ ಕಾಲೇಜಿನಲ್ಲೂ ನನಗಿಂತ ಮುಂದೆ. ಇಂಥವರು ಬೇಕು, ಇಂಥವರು ಬೇಡ ಅಂತ ಹೇಳೋಕೆ ಕಾಲೇಜಿಗೆ ಬಾಯಿಲ್ಲ. ಅಮೆರಿಕದಲ್ಲಿ ಸಾಲು ಒಂದಲ್ಲ. ಪ್ರತಿ ಪ್ರೋಗ್ರಾಮ್ ತಾನೇ ಒಂದು ಲಿಸ್ಟ್ ಮಾಡುತ್ತದೆ. ಒಂದು ಕಡೆ ಮೂರನೆಯವಳಾಗಿರುವ ನಾನು ಇನ್ನೊಂದು ಕಡೆ ತೊಂಬತ್ತನೆಯವಳಾಗಿರಬಹುದು, ಮತ್ತೊಂದು ಕಡೆ ಲಿಸ್ಟಿನಲ್ಲೇ ಇಲ್ಲದಿರಬಹುದು. ನನ್ನ ಲಿಸ್ಟ್ ಅವರಿಗೆ ಕಾಣುವುದಿಲ್ಲ, ಅವರ ಲಿಸ್ಟ್ ನನಗೆ ಕಾಣುವುದಿಲ್ಲ. ಹಾಗಾಗಿ ಎಲ್ಲರೂ ಊಹೆ ಮಾಡುತ್ತಾರೆ. ಊಹೆ ಮಾಡಿ ಲಿಸ್ಟ್ ಕೆಡಿಸಿಕೊಳ್ಳುತ್ತಾರೆ.

ದಾವಣಗೆರೆ ಹುಡುಗಿಯ ಭಯ ಮೂರ್ಖತನದ್ದಲ್ಲ. ಎಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಅಮೆರಿಕದ ಮೆಡಿಕಲ್ ವಿದ್ಯಾರ್ಥಿಗಳು ಇದೇ ಪ್ರಶ್ನೆ ಕೇಳಿ ಜಗಳ ಮಾಡಿದ್ದರು. ಆಗ ಅವರ ಭಯ ನಿಜವೇ ಆಗಿತ್ತು.

1940ರ ದಶಕದಲ್ಲಿ ಅಲ್ಲಿ ಮ್ಯಾಚ್ ಇರಲಿಲ್ಲ. ಇಂಟರ್ನ್‌ಗಳು ಸಾಲದೆ ಆಸ್ಪತ್ರೆಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದು, ಓದು ಮುಗಿಯೋಕೆ ಎರಡು ವರ್ಷ ಇರುವಾಗಲೇ ಹುಡುಗರನ್ನು ಹಿಡಿದುಕೊಳ್ಳುತ್ತಿದ್ದವು. ಒಳ್ಳೆಯ ಡಾಕ್ಟರ್ ಆಗ್ತಾನಾ ಇಲ್ಲವಾ ಅಂತ ಗೊತ್ತಾಗುವ ಮೊದಲೇ ಸೀಟು ಬುಕ್ ಆಗುತ್ತಿತ್ತು. ಇದನ್ನು ತಡೆಯೋಕೆ 1945ರಲ್ಲಿ ಕಾಲೇಜುಗಳು ಒಂದು ಕಟ್ಟು ಮಾಡಿಕೊಂಡವು. ಇಂಥ ತಾರೀಖಿನ ತನಕ ಅಂಕಪಟ್ಟಿ, ಶಿಫಾರಸು ಪತ್ರ ಯಾವುದನ್ನೂ ಹೊರಗೆ ಬಿಡೋದಿಲ್ಲ ಅಂತ. ಅದರಿಂದ ಅವಸರ ನಿಂತಿತು, ಇನ್ನೊಂದು ಕಷ್ಟ ಶುರುವಾಯಿತು. ಆಸ್ಪತ್ರೆ ಕೆಲಸ ಕೊಡ್ತೀವಿ ಅಂದರೆ ಹುಡುಗ ಇನ್ನೂ ಒಳ್ಳೆಯದು ಬರಬಹುದು ಅಂತ ಕಾಯುತ್ತಾನೆ. ಅವನು ಕಾಯುವಷ್ಟು ಹೊತ್ತು ಆಸ್ಪತ್ರೆಯೂ ಕಾಯಬೇಕು. ಅವನು ಕೊನೆಗೆ ಬೇಡ ಅಂದಾಗ, ಇವರ ಎರಡನೇ ಹೆಸರಿನವನು ಬೇರೆ ಕಡೆ ಒಪ್ಪಿಕೊಂಡು ಆಗಿರುತ್ತದೆ. ಹಾಗಾಗಿ ಗಡುವು ಕಡಿಮೆ ಮಾಡುತ್ತಾ ಬಂದರು. ಮೊದಲು ಹತ್ತು ದಿನ ಇದ್ದದ್ದು ಕೆಲವೇ ವರ್ಷಗಳಲ್ಲಿ ಹನ್ನೆರಡು ಗಂಟೆಗೆ ಇಳಿಯಿತು. ಟೆಲಿಗ್ರಾಂ ಕೈಯಲ್ಲಿ ಹಿಡಿದುಕೊಂಡು ಅರ್ಧ ದಿನದಲ್ಲಿ ಬದುಕು ತೀರ್ಮಾನ ಮಾಡಬೇಕು.

ಆಗ ಎಲ್ಲರ ಲಿಸ್ಟನ್ನೂ ಒಂದೇ ಕಡೆ ತಂದು ಹೊಂದಿಸೋಣ ಅನ್ನೋ ಯೋಚನೆ ಬಂತು. ಮೊದಲು ಪ್ರಯೋಗಕ್ಕೆ ಇಟ್ಟ ಲೆಕ್ಕದಲ್ಲಿ ಒಂದು ದೋಷ ಇತ್ತು. ಅದು ಮೊದಲು ಎರಡೂ ಕಡೆ ಒಂದನೇ ಸ್ಥಾನ ಕೊಟ್ಟುಕೊಂಡವರನ್ನು ಜೋಡಿಸುತ್ತಿತ್ತು, ಆಮೇಲೆ ಉಳಿದವರನ್ನು. ಅಂದರೆ ನಾನು ದೊಡ್ಡ ಆಸ್ಪತ್ರೆಯನ್ನು ಒಂದನೆಯದಾಗಿ ಹಾಕಿ ಅದು ಕೈ ತಪ್ಪಿದರೆ, ನನ್ನ ಎರಡನೇ ಆಸ್ಪತ್ರೆಯಲ್ಲಿ ಅದನ್ನು ಒಂದನೆಯದಾಗಿ ಹಾಕಿದ್ದ ಬೇರೆಯವರು ನನಗಿಂತ ಮುಂದೆ ಹೋಗಿಬಿಡುತ್ತಿದ್ದರು. ಆಸೆಪಟ್ಟದ್ದನ್ನು ನಿಜವಾಗಿ ಬರೆದವನಿಗೇ ಪೆಟ್ಟು. ಇದನ್ನು ಕಂಡುಹಿಡಿದದ್ದು ಪ್ರೊಫೆಸರುಗಳಲ್ಲ, 1951ರ ವಿದ್ಯಾರ್ಥಿಗಳು. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಹಾರ್ಡಿ ಹೆಂಡ್ರೆನ್ ಅನ್ನುವವರು ಮುಂದೆ ನಿಂತು ಬೇರೆ ಕಾಲೇಜಿನವರನ್ನೂ ಸೇರಿಸಿಕೊಂಡು ಇದನ್ನು ಬದಲಾಯಿಸಿ ಅಂತ ಹಟ ಹಿಡಿದರು. ಬದಲಾಯಿತು. 1952ರಲ್ಲಿ ನಡೆದ ಮೊದಲ ಮ್ಯಾಚ್ ಹೊಸ ಲೆಕ್ಕದಲ್ಲೇ ನಡೆಯಿತು. ನನಗೆ ಈ ಕತೆ ತುಂಬ ಇಷ್ಟ. ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಅವಳ ವಯಸ್ಸಿನವರೇ ಆಗ ಪಡೆದುಕೊಂಡು ಇಟ್ಟಿದ್ದಾರೆ.

ಆ ಲೆಕ್ಕ ಹೇಗೆ ಅಂತ ಒಂದು ಸಣ್ಣ ಉದಾಹರಣೆ ನೋಡೋಣ. ಪೆನ್ನು ಪೇಪರ್ ಇಟ್ಟುಕೊಂಡರೆ ಒಳ್ಳೆಯದು.

ಮೂರು ಆಸ್ಪತ್ರೆ ಇವೆ ಅಂತ ಇಟ್ಟುಕೊಳ್ಳಿ: ನದಿ ಆಸ್ಪತ್ರೆ, ಬೆಟ್ಟದ ಆಸ್ಪತ್ರೆ, ಪೇಟೆ ಆಸ್ಪತ್ರೆ. ಒಂದೊಂದು ಕಡೆ ಒಂದೊಂದೇ ಸೀಟು. ಮೂವರು ಡಾಕ್ಟರು: ಸುಮಾ, ಇಮ್ರಾನ್, ರಾಘು. ಮೂವರಿಗೂ ಮೂರು ಕಡೆ ಇಂಟರ್ವ್ಯೂ ಆಗಿದೆ. ಸುಮಾ ಬರೆದದ್ದು ನದಿ, ಬೆಟ್ಟ, ಪೇಟೆ. ರಾಘು ಬರೆದದ್ದು ಬೆಟ್ಟ, ನದಿ, ಪೇಟೆ. ಇಮ್ರಾನ್ ನದಿ, ಬೆಟ್ಟ ಅಂತ ಎರಡನ್ನೇ ಬರೆದ. ಪೇಟೆ ಆಸ್ಪತ್ರೆ ಅಷ್ಟು ಹೆಸರುವಾಸಿ ಅಲ್ಲ, ಸುಮ್ನೆ ಯಾಕೆ ಅಂತ ಬಿಟ್ಟ. ಇನ್ನು ಆಸ್ಪತ್ರೆಗಳ ಲಿಸ್ಟ್. ನದಿಯದ್ದು ರಾಘು, ಇಮ್ರಾನ್, ಸುಮಾ. ಬೆಟ್ಟದ್ದು ಸುಮಾ, ರಾಘು, ಇಮ್ರಾನ್. ಪೇಟೆಯದ್ದು ಸುಮಾ, ಇಮ್ರಾನ್, ರಾಘು.

ಕಂಪ್ಯೂಟರ್ ಒಬ್ಬೊಬ್ಬರನ್ನೇ ಕರೆಯುತ್ತದೆ. ಇಮ್ರಾನ್ ನದಿಗೆ ಹೋದ. ಅಲ್ಲಿ ಯಾರೂ ಇಲ್ಲ, ಸದ್ಯಕ್ಕೆ ಕೂತ. ರಾಘು ಬೆಟ್ಟಕ್ಕೆ ಹೋದ. ಅಲ್ಲೂ ಖಾಲಿ, ಸದ್ಯಕ್ಕೆ ಕೂತ. ಈಗ ಸುಮಾ ಸರದಿ. ಅವಳು ನದಿಗೆ ಹೋದಳು. ನದಿಯವರಿಗೆ ಅವಳಿಗಿಂತ ಇಮ್ರಾನ್ ಮೇಲು, ಇಲ್ಲ ಅಂದರು. ಅವಳು ತನ್ನ ಎರಡನೇ ಆಸೆಯ ಬೆಟ್ಟಕ್ಕೆ ಹೋದಳು. ಅಲ್ಲಿ ರಾಘು ಆಗಲೇ ಕೂತಿದ್ದಾನೆ. ಆದರೆ ಬೆಟ್ಟದವರ ಲಿಸ್ಟಿನಲ್ಲಿ ಸುಮಾ ರಾಘುಗಿಂತ ಮೇಲಿದ್ದಾಳೆ. ಹಾಗಾಗಿ ರಾಘು ಏಳಬೇಕು, ಸುಮಾ ಕೂರುತ್ತಾಳೆ. ಎದ್ದ ರಾಘು ತನ್ನ ಎರಡನೆಯದಾದ ನದಿಗೆ ಹೋಗುತ್ತಾನೆ. ನದಿಯವರಿಗೆ ಅವನೇ ಎಲ್ಲರಿಗಿಂತ ಮೇಲು. ಈಗ ಇಮ್ರಾನ್ ಏಳಬೇಕು. ಇಮ್ರಾನ್ ಬೆಟ್ಟಕ್ಕೆ ಹೋದ. ಅಲ್ಲಿ ಸುಮಾ ಇದ್ದಾಳೆ, ಜಾಗ ಇಲ್ಲ. ಇಮ್ರಾನ್ ಲಿಸ್ಟ್ ಮುಗಿಯಿತು.

ಇಲ್ಲಿ "ಸದ್ಯಕ್ಕೆ" ಅನ್ನೋ ಮಾತನ್ನು ಹಿಡಿದುಕೊಳ್ಳಿ. ಕೊನೆಯ ತನಕ ಯಾವ ಸೀಟೂ ಖಾಯಂ ಅಲ್ಲ. ಸುಮಾ ಬೆಟ್ಟಕ್ಕೆ ತಡವಾಗಿ ಬಂದಳು, ನದಿಯ ಬಾಗಿಲು ತಟ್ಟಿ ಬಂದಳು, ಆದರೂ ಆ ಸೀಟು ಅವಳಿಗೇ ಸಿಕ್ಕಿತು. ಮೊದಲು ಬಂದವರಿಗೆ ಮೊದಲು ಅನ್ನೋ ಲೆಕ್ಕ ಇಲ್ಲಿಲ್ಲ. ಬೆಟ್ಟದವರಿಗೆ ಅವಳು ತಮ್ಮನ್ನು ಒಂದನೆಯದಾಗಿ ಹಾಕಿದ್ದಳಾ ಎರಡನೆಯದಾಗಿ ಹಾಕಿದ್ದಳಾ ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. ಅವಳು ಹೆದರಿ ಬೆಟ್ಟವನ್ನೇ ಮೊದಲು ಹಾಕಿದ್ದರೆ? ಅದೇ ಬೆಟ್ಟ ಸಿಗುತ್ತಿತ್ತು, ಒಂದು ಚೂರೂ ಲಾಭ ಇಲ್ಲ. ಆದರೆ ನದಿಯವರು ಅವಳನ್ನು ಇಷ್ಟಪಟ್ಟು ಮೇಲೆ ಹಾಕಿದ್ದರೆ, ಹೆದರಿದ ತಪ್ಪಿಗೆ ನದಿಯನ್ನು ಕಳೆದುಕೊಳ್ಳುತ್ತಿದ್ದಳು.

ಇಮ್ರಾನ್ ಕತೆಯನ್ನೂ ನೋಡಿ. ಪೇಟೆ ಆಸ್ಪತ್ರೆಯ ಸೀಟು ಖಾಲಿ ಉಳಿಯಿತು. ಅವರ ಲಿಸ್ಟಿನಲ್ಲಿ ಇಮ್ರಾನ್ ಎರಡನೆಯವನು. ಇವನು ಹೆಸರು ಬರೆದಿದ್ದರೆ ಸೀಟು ಇವನದೇ. ಮೂರನೇ ಸಾಲಿನಲ್ಲಿ ಪೇಟೆ ಅಂತ ಬರೆದಿದ್ದರೆ ನದಿ, ಬೆಟ್ಟ ಸಿಗುವ ಅವಕಾಶ ಕಡಿಮೆ ಆಗುತ್ತಿತ್ತಾ? ಇಲ್ಲ. ಲಿಸ್ಟ್ ಉದ್ದ ಆದರೆ ಮೇಲಿನ ಹೆಸರುಗಳಿಗೆ ಏನೂ ತೊಂದರೆ ಇಲ್ಲ. ಆದರೆ ಒಂದು ಎಚ್ಚರ. ಮ್ಯಾಚ್ ಆದರೆ ಹೋಗಲೇಬೇಕು, ಅದು ಒಪ್ಪಂದ. ಎಷ್ಟೇ ಕಷ್ಟ ಬಂದರೂ ಆ ಊರಿಗೆ ಹೋಗಲಾರೆ ಅನ್ನೋ ಜಾಗವನ್ನು ಬರೆಯಬೇಡಿ. ಹೋಗಬಲ್ಲೆ ಅನ್ನೋದನ್ನೆಲ್ಲ ಬರೆಯಿರಿ.

ಗಣಿತದವರು ಇದಕ್ಕೆ ಸ್ಟೇಬಲ್ ಮ್ಯಾಚ್ ಅನ್ನುತ್ತಾರೆ. ಎಲ್ಲ ಮುಗಿದ ಮೇಲೆ, ನನಗೆ ಸಿಕ್ಕಿದ್ದಕ್ಕಿಂತ ಆ ಆಸ್ಪತ್ರೆ ಚೆನ್ನಾಗಿತ್ತು ಅಂತ ನನಗೂ, ಸಿಕ್ಕಿದವನಿಗಿಂತ ಅವಳು ಚೆನ್ನಾಗಿದ್ದಳು ಅಂತ ಆ ಆಸ್ಪತ್ರೆಗೂ, ಎರಡೂ ಕಡೆ ಒಟ್ಟಿಗೆ ಅನ್ನಿಸುವ ಜೋಡಿ ಒಂದೂ ಉಳಿದಿರಬಾರದು. ಉಳಿದಿದ್ದರೆ ಅವರಿಬ್ಬರೂ ಹಿಂದಿನ ಬಾಗಿಲಿನಿಂದ ಮಾತಾಡಿಕೊಂಡು ಇಡೀ ವ್ಯವಸ್ಥೆ ಮುರಿದುಬೀಳುತ್ತದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಇದನ್ನು ಗಣಿತದಲ್ಲಿ ತೋರಿಸಿದರು. ಡಾಕ್ಟರುಗಳು ಹತ್ತು ವರ್ಷ ಮೊದಲೇ ಅದೇ ಲೆಕ್ಕವನ್ನು ಬಳಸುತ್ತಿದ್ದರು ಅಂತ ಆಲ್ವಿನ್ ರಾತ್ 1984ರಲ್ಲಿ ತೋರಿಸಿದರು. ಒಂದು ವ್ಯತ್ಯಾಸ ಇತ್ತು. ಹಳೆಯ ಲೆಕ್ಕದಲ್ಲಿ ಕೇಳಿಕೊಂಡು ಹೋಗುತ್ತಿದ್ದದ್ದು ಆಸ್ಪತ್ರೆಗಳು. ಕೇಳಿಕೊಂಡು ಹೋಗುವವರಿಗೆ ಸ್ವಲ್ಪ ಅನುಕೂಲ ಜಾಸ್ತಿ. ರಾತ್ ಮತ್ತು ಎಲಿಯಟ್ ಪೆರಾನ್ಸನ್ ಅದನ್ನು ತಿರುಗಿಸಿ ಬರೆದರು. 1998ರ ಮ್ಯಾಚ್‌ನಿಂದ ಕೇಳಿಕೊಂಡು ಹೋಗುವವರು ನಾವೇ. ನಿಜ ಹೇಳಬೇಕೆಂದರೆ ಇದರಿಂದ ಫಲಿತಾಂಶ ಬದಲಾಗುವುದು ಸಾವಿರಕ್ಕೆ ಒಬ್ಬರಿಗೆ ಅಂತ ಅವರೇ ಲೆಕ್ಕ ಹಾಕಿದ್ದರು. ಆದರೆ ಆಸೆಪಟ್ಟದ್ದನ್ನು ಹಾಗೇ ಬರೆಯುವುದೇ ನಮಗೆ ಲಾಭ ಅನ್ನೋ ಭರವಸೆ ಇದರಿಂದ ಗಟ್ಟಿಯಾಯಿತು. ಶೇಪ್ಲಿ ಮತ್ತು ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಇನ್ನು ಆಸ್ಪತ್ರೆಯ ಕಡೆಗೆ ಬರೋಣ. ಎಲ್ಲರಿಗೂ ಕುತೂಹಲ ಇರೋದು ಇಲ್ಲೇ ಅಲ್ವಾ?

ಪ್ರೋಗ್ರಾಮ್ ಲಿಸ್ಟ್ ಮಾಡೋದು ಒಂದೇ ದಿನದ ಕೆಲಸ ಅಲ್ಲ. ಸೆಪ್ಟೆಂಬರ್ ಕೊನೆಗೆ ಅರ್ಜಿಗಳು ತೆರೆದುಕೊಳ್ಳುತ್ತವೆ. ಹೆಚ್ಚಿನ ವಿಭಾಗಗಳಿಗೆ ಈರಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲೇ ಅರ್ಜಿ. ಇಂಟರ್ನಲ್ ಮೆಡಿಸಿನ್‌ನಂಥ ವಿಭಾಗಕ್ಕೆ ಸಾವಿರಾರು ಅರ್ಜಿ ಬರುತ್ತವೆ. ಓದುವವರು ಕೆಲವೇ ಜನ ಡಾಕ್ಟರು, ಅವರಿಗೆ ರೋಗಿಗಳೂ ಇದ್ದಾರೆ. ಹಾಗಾಗಿ ಮೊದಲು ಫಿಲ್ಟರ್ ಹಾಕುತ್ತಾರೆ. ಪರೀಕ್ಷೆ ಒಂದೇ ಸಲಕ್ಕೆ ಪಾಸಾಗಿದೆಯಾ, ಅಂಕ ಎಷ್ಟು, ಎಂಬಿಬಿಎಸ್ ಮುಗಿದು ಎಷ್ಟು ವರ್ಷ ಆಯಿತು, ವೀಸಾ ಬೇಕಾ. ನಾಲ್ಕೈದು ಕ್ಲಿಕ್‌ಗೆ ಅರ್ಧಕ್ಕರ್ಧ ಅರ್ಜಿಗಳು ಯಾರೂ ತೆರೆದು ನೋಡದೆಯೇ ಬದಿಗೆ ಹೋಗಬಹುದು. ನಮ್ಮ ಮಕ್ಕಳು ಎಷ್ಟೋ ರಾತ್ರಿ ಕೂತು ಬರೆದ ಪರ್ಸನಲ್ ಸ್ಟೇಟ್‌ಮೆಂಟ್ ಹೀಗೆ ಓದದೇ ಉಳಿಯೋದು ನನಗೆ ಈಗಲೂ ಸಂಕಟ ಕೊಡುವ ವಿಷಯ.

ಮೊದಲೆಲ್ಲ ಸ್ಟೆಪ್ 1ರ ಅಂಕವೇ ದೊಡ್ಡ ಫಿಲ್ಟರ್ ಆಗಿತ್ತು. 2022ರ ಜನವರಿಯಿಂದ ಅದಕ್ಕೆ ಅಂಕ ಇಲ್ಲ, ಪಾಸ್ ಇಲ್ಲವೇ ಫೇಲ್ ಅಷ್ಟೇ. ಒತ್ತಡ ಕಡಿಮೆ ಆಗಲಿ ಅಂತ ಮಾಡಿದ್ದು. ಒತ್ತಡ ಹೋಗಲಿಲ್ಲ, ಅದರ ಮುಂದಿನ ಪರೀಕ್ಷೆಯಾದ ಸ್ಟೆಪ್ 2 ಸಿಕೆ ಕಡೆಗೆ ವರ್ಗ ಆಯಿತು. ಈಗ ಅಂಕ ಅಂತ ಕಣ್ಣಿಗೆ ಬೀಳೋದು ಅದೇ.

ಇನ್ನೊಂದು ಹೊಸ ಸಂಗತಿ ಸಿಗ್ನಲ್. ಅರ್ಜಿ ಹಾಕೋದು ಸುಲಭ ಆದ ಮೇಲೆ ಒಬ್ಬೊಬ್ಬರೂ ನೂರು, ಇನ್ನೂರು ಕಡೆ ಹಾಕೋಕೆ ಶುರು ಮಾಡಿದರು. ಯಾರಿಗೆ ನಿಜವಾಗಿ ನಮ್ಮಲ್ಲಿಗೆ ಬರೋ ಮನಸ್ಸಿದೆ ಅಂತ ಪ್ರೋಗ್ರಾಮುಗಳಿಗೆ ಗೊತ್ತಾಗದೆ ಹೋಯಿತು. ಅದಕ್ಕೆ 2020-21ರಲ್ಲಿ ಕಿವಿ ಮೂಗು ಗಂಟಲು ವಿಭಾಗದವರು ಮೊದಲು ಸಿಗ್ನಲ್ ತಂದರು. ಅರ್ಜಿದಾರರಿಗೆ ಲೆಕ್ಕದ ಸಿಗ್ನಲ್ ಕೊಡುತ್ತಾರೆ, ನಿಜವಾಗಿ ಬೇಕಾದ ಕಡೆಗೆ ಮಾತ್ರ ಅದನ್ನು ಹಾಕಬೇಕು. ಈಗ ಬಹಳ ವಿಭಾಗಗಳಲ್ಲಿ ಇದು ಬಂದಿದೆ. ಆರ್ಥೋಪೆಡಿಕ್ಸ್‌ನಲ್ಲಿ ಒಬ್ಬರಿಗೆ 30 ಸಿಗ್ನಲ್. ಕೆಲವು ವಿಭಾಗಗಳಲ್ಲಿ ಚಿನ್ನದ್ದು, ಬೆಳ್ಳಿಯದ್ದು ಅಂತ ಎರಡು ಬಗೆ ಇದೆ. ಇದು ಇಂಟರ್ವ್ಯೂಗೆ ಕರೆಸಿಕೊಳ್ಳೋಕೆ ಇರುವ ಸಾಧನ. ಇಂಟರ್ವ್ಯೂ ಸಿಕ್ಕಿದ ಮೇಲೆ ಇದರ ಕೆಲಸ ಮುಗಿಯಿತು ಅಂತಲೇ ತಿಳಿದುಕೊಳ್ಳಿ.

ಕರೆಯೋದು ಎಷ್ಟು ಜನರನ್ನು? ಸಾಮಾನ್ಯವಾಗಿ ಒಂದು ಸೀಟಿಗೆ ಹತ್ತು, ಹದಿನೈದು ಜನ. ಅಕ್ಟೋಬರ್‌ನಿಂದ ಜನವರಿ ತನಕ ನಡೆಯುತ್ತದೆ. 2020ರಲ್ಲಿ ಕೊರೊನಾ ಬಂದ ಮೇಲೆ ಹೆಚ್ಚಿನವು ವಿಡಿಯೋದಲ್ಲೇ. ನಮ್ಮವರಿಗೆ ಇದು ದೊಡ್ಡ ಉಪಕಾರ. ಮೊದಲು ಒಂದೊಂದು ಇಂಟರ್ವ್ಯೂಗೂ ವಿಮಾನ, ಹೋಟೆಲು, ಚಳಿಗೊಂದು ಕೋಟು ಅಂತ ಲಕ್ಷಗಟ್ಟಲೆ ಖರ್ಚಾಗುತ್ತಿತ್ತು. ಈಗ ಮನೆಯ ರೂಮಿನ ಬಾಗಿಲು ಹಾಕಿಕೊಂಡು, ರಾತ್ರಿ ಎಂಟಕ್ಕೆ ಕುಕ್ಕರ್ ಕೂಗಿಸಬೇಡಮ್ಮ ಅಂತ ಅಮ್ಮನಿಗೆ ಹೇಳಿ ಕೂರಬಹುದು.

ಇಂಟರ್ವ್ಯೂ ಆದ ಕೂಡಲೇ ಮಾತಾಡಿಸಿದ ಡಾಕ್ಟರು ಒಂದು ಫಾರಂ ತುಂಬುತ್ತಾರೆ. ಅಂಕ ಕೊಡುತ್ತಾರೆ, ಎರಡು ಸಾಲು ಬರೆಯುತ್ತಾರೆ. ಈ ಎರಡು ಸಾಲು ಮುಖ್ಯ. ಎನ್‌ಆರ್‌ಎಂಪಿ ಪ್ರೋಗ್ರಾಮ್ ಡೈರೆಕ್ಟರುಗಳನ್ನೇ ಕೇಳಿ ಮಾಡುವ ಸಮೀಕ್ಷೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಇಂಟರ್ವ್ಯೂಗೆ ಕರೆಯುವಾಗ ಅಂಕ, ಕಾಲೇಜು ಕೊಡುವ ಡೀನ್ ಲೆಟರ್, ಶಿಫಾರಸು ಪತ್ರ ಮುಂದೆ ಇರುತ್ತವೆ. ರ್‍ಯಾಂಕ್ ಮಾಡುವಾಗ ಇಂಟರ್ವ್ಯೂನಲ್ಲಿ ಹೇಗೆ ಮಾತಾಡಿದರು, ಡಾಕ್ಟರುಗಳ ಜೊತೆ ಹೇಗಿದ್ದರು, ಈಗಿನ ರೆಸಿಡೆಂಟುಗಳು ಏನಂದರು ಅನ್ನೋದು ಮುಂದೆ ಬರುತ್ತದೆ. ಅಂಕ ಬಾಗಿಲ ತನಕ ತಂದು ಬಿಡುತ್ತದೆ. ಒಳಗೆ ಬಂದ ಮೇಲೆ, ರಾತ್ರಿ ಎರಡು ಗಂಟೆಗೆ ಇವರ ಜೊತೆ ಡ್ಯೂಟಿ ಮಾಡೋಕೆ ಆಗುತ್ತಾ ಅಂತ ನೋಡುತ್ತಾರೆ.

ನಾನು ಕೂತಿದ್ದ ರ್‍ಯಾಂಕ್ ಮೀಟಿಂಗ್ ನೆನಪಾಗುತ್ತದೆ. ವಿವರ ಸ್ವಲ್ಪ ಬದಲಾಯಿಸಿ ಹೇಳುತ್ತೇನೆ. ಫೆಬ್ರವರಿಯ ಸಂಜೆ, ಹೊರಗೆ ಹಿಮ. ಉದ್ದ ಮೇಜಿನ ಸುತ್ತ ಪ್ರೋಗ್ರಾಮ್ ಡೈರೆಕ್ಟರ್, ಇಬ್ಬರು ಅಸೋಸಿಯೇಟ್‌ಗಳು, ಇಂಟರ್ವ್ಯೂ ಮಾಡಿದ ಏಳೆಂಟು ಡಾಕ್ಟರು, ನಾವು ಮೂವರು ಚೀಫ್‌ಗಳು. ಗೋಡೆಯ ಮೇಲೆ ಎಕ್ಸೆಲ್ ಹಾಳೆ. ಕೀಬೋರ್ಡ್ ಇರೋದು ಪ್ರೋಗ್ರಾಮಿನ ಕಚೇರಿ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್ ಕೈಯಲ್ಲಿ. ಪ್ರತಿ ಅರ್ಜಿಯ ಮೂಲೆ ಮೂಲೆ ಗೊತ್ತಿರೋದು ಅವರಿಗೇ. ಇಂಟರ್ವ್ಯೂ ಅಂಕಗಳ ಸರಾಸರಿ ತೆಗೆದು ಒಂದು ಕಚ್ಚಾ ಸಾಲು ಆಗಲೇ ಮಾಡಿಟ್ಟಿದ್ದರು. ನಮ್ಮ ಕೆಲಸ ಆ ಸಾಲನ್ನು ಮೇಲೆ ಕೆಳಗೆ ಮಾಡೋದು. ಮೊದಲ ಹದಿನೈದು ಹೆಸರಿಗೆ ಹೊತ್ತು ಹಿಡಿಯಲಿಲ್ಲ. ಕೊನೆಯವರಿಗೂ ಅಷ್ಟೇ. ಜಗಳ ಎಲ್ಲ ನಡುವಿನಲ್ಲಿ.

ನಲವತ್ತರ ಆಸುಪಾಸಿನಲ್ಲಿ ಭಾರತದ ಒಬ್ಬ ಹುಡುಗಿಯ ಫೋಟೋ ಬಂತು. ಒಬ್ಬರು "ತುಂಬ ಸುಮ್ಮನಿದ್ದಳು, ಮಾತು ಹೊರಡಲಿಲ್ಲ" ಅಂದರು. ಅಷ್ಟರಲ್ಲೇ ಕೆಳಗೆ ಹೋಗುತ್ತಿದ್ದಳು. ಆಗ ಇನ್ನೊಬ್ಬ ಡಾಕ್ಟರು ಅವಳ ಶಿಫಾರಸು ಪತ್ರದ ಒಂದು ಪ್ಯಾರಾ ಗಟ್ಟಿಯಾಗಿ ಓದಿದರು. ಡ್ಯೂಟಿ ಮುಗಿದ ಮೇಲೂ ಇವಳು ವಾರ್ಡಿಗೆ ವಾಪಸ್ ಬಂದು, ಸಾಯುತ್ತಿದ್ದ ರೋಗಿಯ ಹೆಂಡತಿಯ ಪಕ್ಕ ಕೂತಿದ್ದಳು ಅಂತ ಅದರಲ್ಲಿತ್ತು. ಅವಳು ಬುದ್ಧಿವಂತೆ, ಕಷ್ಟಪಟ್ಟು ದುಡಿಯುತ್ತಾಳೆ ಅಂತ ಬರೆದ ಪತ್ರ ಎಲ್ಲರ ಹತ್ತಿರವೂ ಇರುತ್ತದೆ. ಇಂಥ ಒಂದು ಸಂಗತಿ ಬರೆದ ಪತ್ರ ಕೆಲವರ ಹತ್ತಿರ ಮಾತ್ರ. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅವಳ ಸಾಲನ್ನು ಹಿಡಿದು ಮೇಲಕ್ಕೆ ಎಳೆದರು, ಹದಿನೆಂಟರಲ್ಲಿ ನಿಲ್ಲಿಸಿದರು. ನನಗೆ ಅವಳ ಮುಖ ಈಗಲೂ ನೆನಪಿದೆ. ಹಾಗೇ ಯೋಚನೆಯೂ ಬರುತ್ತದೆ: ಆ ಡಾಕ್ಟರು ಅವತ್ತು ರಜೆ ಇದ್ದಿದ್ದರೆ? ಇದರಲ್ಲಿ ಅದೃಷ್ಟದ ಪಾಲು ಇದೆ. ಕಂಪ್ಯೂಟರ್ ಲೆಕ್ಕ ತುಂಬ ನ್ಯಾಯದ್ದು, ಆದರೆ ಅದಕ್ಕೆ ನಾವು ಕೊಡುವ ಲಿಸ್ಟ್ ಮನುಷ್ಯರು ಸುಸ್ತಾಗಿ ಕೂತು ಮಾಡಿದ್ದು.

ಲಿಸ್ಟಿನ ಹೊರಗೆ ಇನ್ನೊಂದು ಪಟ್ಟಿ ಇರುತ್ತದೆ. ರ್‍ಯಾಂಕ್ ಮಾಡಬಾರದವರದ್ದು. ಇಂಟರ್ವ್ಯೂ ಆದರೂ ಲಿಸ್ಟಿಗೇ ಹಾಕುವುದಿಲ್ಲ. ಅಂಕ ಕಡಿಮೆ ಅಂತ ಅಲ್ಲಿಗೆ ಹೋದವರನ್ನು ನಾನು ನೋಡಿಲ್ಲ. ಕೋಆರ್ಡಿನೇಟರ್ ಜೊತೆ ಒರಟಾಗಿ ಮಾತಾಡಿದವರು, ಅರ್ಜಿಯಲ್ಲಿ ಬರೆದ ಸಂಶೋಧನೆಯ ಬಗ್ಗೆ ಕೇಳಿದರೆ ಒಂದು ವಾಕ್ಯವನ್ನೂ ಹೇಳಲಾರದವರು ಅಲ್ಲಿಗೆ ಹೋಗುತ್ತಾರೆ. ಈ ಎರಡನೆಯದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಿ.

ಆಸ್ಪತ್ರೆಗಳೂ ನಮ್ಮ ಹಾಗೇ ತಪ್ಪು ಮಾಡುತ್ತವೆ. "ಇವಳು ಹೇಗೂ ನಮ್ಮಲ್ಲಿಗೆ ಬರಲ್ಲ, ದೊಡ್ಡ ಜಾಗಕ್ಕೆ ಹೋಗ್ತಾಳೆ, ಕೆಳಗೆ ಹಾಕಿ" ಅನ್ನೋ ಮಾತು ಆ ಕೋಣೆಯಲ್ಲೂ ಬರುತ್ತದೆ. ಬರದವಳನ್ನು ಮೇಲೆ ಹಾಕಿದರೆ ಪ್ರೋಗ್ರಾಮಿಗೆ ನಷ್ಟ ಏನೂ ಇಲ್ಲ. ಅವಳು ಬೇರೆ ಕಡೆ ಹೋದರೆ ಆ ಸೀಟು ಲಿಸ್ಟಿನ ಮುಂದಿನವರಿಗೆ ತಾನಾಗಿ ಹೋಗುತ್ತದೆ. ಆದರೂ ಯಾಕೆ ಹಾಗೆ ಮಾಡುತ್ತಾರೆ ಅಂದರೆ, ಲಿಸ್ಟಿನಲ್ಲಿ ಎಷ್ಟು ಕೆಳಗೆ ಇಳಿದು ಸೀಟು ತುಂಬಿತು ಅನ್ನೋದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳುತ್ತಾರೆ. ನಮ್ಮ ಡೈರೆಕ್ಟರ್ ಇದನ್ನು ಒಪ್ಪುತ್ತಿರಲಿಲ್ಲ. ಯಾರು ಬರುತ್ತಾರೆ ಅಂತ ಕೇಳಬೇಡಿ, ಯಾರು ಬೇಕು ಅಂತ ಹೇಳಿ ಅನ್ನುತ್ತಿದ್ದರು. ಅವರ ಮಾತೇ ಸರಿ.

ಹಾಗಾಗಿ ಇಂಟರ್ವ್ಯೂ ಆದ ಮೇಲೆ ಬರುವ ಸಿಹಿ ಮಾತಿನ ಈಮೇಲುಗಳನ್ನು ನಂಬಿ ಲಿಸ್ಟ್ ಬದಲಾಯಿಸಬೇಡಿ. ಬೇರೆ ಎಲ್ಲಿ ಇಂಟರ್ವ್ಯೂ ಕೊಟ್ಟಿದ್ದೀರಿ, ನಮ್ಮನ್ನು ಎಷ್ಟನೆಯದಾಗಿ ಹಾಕುತ್ತೀರಿ ಅಂತ ಪ್ರೋಗ್ರಾಮಿನವರು ಕೇಳುವಂತಿಲ್ಲ, ಅದು ನಿಯಮ. "ನಿಮ್ಮನ್ನು ತುಂಬ ಮೇಲೆ ಹಾಕಿದ್ದೇವೆ" ಅನ್ನೋದು ಒಪ್ಪಂದವೂ ಅಲ್ಲ. ಹಾಗೆ ಬರೆದವರು ಸುಳ್ಳು ಹೇಳುತ್ತಾರೆ ಅಂತಲ್ಲ, ಆ ಮೇಲೆ ಅನ್ನೋದು ಐದನೆಯದೋ ಐವತ್ತನೆಯದೋ ನಮಗೆ ಗೊತ್ತಾಗೋದಿಲ್ಲ.

ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಿದ್ದರೆ ಕಪಲ್ಸ್ ಮ್ಯಾಚ್ ಅಂತ ಇದೆ. ಇಬ್ಬರ ಲಿಸ್ಟನ್ನೂ ಜೋಡಿ ಜೋಡಿಯಾಗಿ ಬರೆಯಬೇಕು, ಅವಳಿಗೆ ಇಲ್ಲಿ ಅವನಿಗೆ ಅಲ್ಲಿ ಅಂತ. ಇಬ್ಬರಿಗೂ ಒಟ್ಟಿಗೆ ಸಿಗುವ ಸಾಲು ಬರುವ ತನಕ ಕಂಪ್ಯೂಟರ್ ಇಳಿಯುತ್ತಾ ಹೋಗುತ್ತದೆ. ಜೋಡಿಗಳು ಬಂದಾಗ ಲೆಕ್ಕ ನಿಜವಾಗಿ ಜಟಿಲ ಆಗುತ್ತದೆ.

ಈಗ ನಮ್ಮವರಿಗೆ ಕಷ್ಟದ ಮಾತು. 2024ರಲ್ಲಿ ಅಮೆರಿಕದ ಎಂಡಿ ಕಾಲೇಜುಗಳ (ಅಲ್ಲಿ ಎಂಡಿ ಅಂದರೆ ನಮ್ಮ ಎಂಬಿಬಿಎಸ್ ಥರ) ಕೊನೆಯ ವರ್ಷದವರಲ್ಲಿ ನೂರಕ್ಕೆ 93.5 ಜನರಿಗೆ ರೆಸಿಡೆನ್ಸಿಯ ಮೊದಲ ವರ್ಷದ ಸೀಟು ಸಿಕ್ಕಿತು. ಹೊರದೇಶದಲ್ಲಿ ಓದಿದ, ಅಮೆರಿಕದ ಪೌರರಲ್ಲದ ಡಾಕ್ಟರುಗಳಲ್ಲಿ ಅದು 58.5. ಈ ಲೆಕ್ಕಕ್ಕೆ ಬರೋದು ರ್‍ಯಾಂಕ್ ಲಿಸ್ಟ್ ಸಲ್ಲಿಸಿದವರು ಮಾತ್ರ. ಒಂದೂ ಇಂಟರ್ವ್ಯೂ ಸಿಗದೆ ಲಿಸ್ಟೇ ಮಾಡದವರು ಇದರಲ್ಲಿ ಇಲ್ಲ. ಅಂದರೆ ನಮ್ಮವರು ಜಾಸ್ತಿ ಬೀಳೋದು ಕಂಪ್ಯೂಟರ್ ಹತ್ತಿರ ಅಲ್ಲ, ಅಕ್ಟೋಬರ್‌ನ ಫಿಲ್ಟರ್ ಹತ್ತಿರ. ವೀಸಾ ಅದರಲ್ಲಿ ದೊಡ್ಡ ಗೋಡೆ. ಕೆಲವು ಪ್ರೋಗ್ರಾಮುಗಳು ತರಬೇತಿಗೆ ಬರುವವರ ಜೆ-1 ವೀಸಾ ಮಾತ್ರ ಒಪ್ಪುತ್ತವೆ, ಕೆಲವು ಕೆಲಸದ ವೀಸಾ ಎಚ್-1ಬಿ ಕೂಡ ಕೊಡುತ್ತವೆ, ಕೆಲವು ಯಾವುದನ್ನೂ ಕೊಡುವುದಿಲ್ಲ. ಎಚ್-1ಬಿ ಬೇಕಾದರೆ ಸ್ಟೆಪ್ ಪರೀಕ್ಷೆಗಳಲ್ಲಿ ಕೊನೆಯದಾದ ಸ್ಟೆಪ್ 3 ಪಾಸಾಗಿರಬೇಕು. ಜೆ-1 ಆದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು, ಇಲ್ಲವೇ ಡಾಕ್ಟರು ಸಾಲದ ಪ್ರದೇಶದಲ್ಲಿ ಕೆಲಸ ಮಾಡುವಂಥ ವಿನಾಯಿತಿ ಪಡೆಯಬೇಕು. ವೀಸಾ ಕೊಡದ ಜಾಗಕ್ಕೆ ಅರ್ಜಿ ಹಾಕಿ ದುಡ್ಡು ಕಳೆಯಬೇಡಿ. ಲಿಸ್ಟ್ ಮಾಡುವಾಗ ಹಾಕೋ ತಲೆಯನ್ನು ಅರ್ಜಿ ಹಾಕುವ ಮೊದಲೇ ಇದಕ್ಕೆ ಹಾಕಿ.

ಮಾರ್ಚ್ ಮೂರನೇ ವಾರ ಫಲಿತಾಂಶ. ಸೋಮವಾರ ಒಂದು ಈಮೇಲ್ ಬರುತ್ತದೆ, ನಮ್ಮಲ್ಲಿ ಆಗ ಸಂಜೆ. ಮ್ಯಾಚ್ ಆಗಿದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ. ಎಲ್ಲಿ ಅನ್ನೋದು ಶುಕ್ರವಾರ. ಅಲ್ಲಿ ಮಧ್ಯಾಹ್ನ ಹನ್ನೆರಡು, ಇಲ್ಲಿ ರಾತ್ರಿ ಒಂಬತ್ತೂವರೆ. ಸೋಮವಾರ ಇಲ್ಲ ಅಂತ ಬಂದವರಿಗೆ ಸೋಪ್ ಅನ್ನುವ ಇನ್ನೊಂದು ಅವಕಾಶ ಇದೆ. ಪೇಟೆ ಆಸ್ಪತ್ರೆಯ ಹಾಗೆ ಖಾಲಿ ಉಳಿದ ಸೀಟುಗಳಿಗೆ ಆ ವಾರವೇ ಅರ್ಜಿ ಹಾಕಬಹುದು, ಹೆಚ್ಚೆಂದರೆ 45 ಪ್ರೋಗ್ರಾಮುಗಳಿಗೆ. ಅವರಾಗಿ ಸಂಪರ್ಕಿಸುವ ಮೊದಲು ನಾವು ಫೋನ್ ಮಾಡುವಂತಿಲ್ಲ, ಮಾವನ ಕೈಯಲ್ಲಿ ಮಾಡಿಸುವಂತೆಯೂ ಇಲ್ಲ. ನಿಯಮ ಮುರಿದರೆ ಮುಂದಿನ ವರ್ಷಗಳಿಗೂ ಪೆಟ್ಟು ಬೀಳಬಹುದು. ಆ ವಾರ ಫೋನ್ ಚಾರ್ಜ್ ಮಾಡಿಟ್ಟುಕೊಂಡು, ಪಕ್ಕದಲ್ಲಿ ಧೈರ್ಯ ಹೇಳುವ ಒಬ್ಬರನ್ನು ಕೂರಿಸಿಕೊಳ್ಳಿ. ಇಲ್ಲ ಅಂತ ಬಂದ ಸಂಜೆ ಒಬ್ಬರೇ ಇರಬೇಡಿ.

ದಾವಣಗೆರೆ ಹುಡುಗಿಗೆ ಸುಮಾ, ಇಮ್ರಾನ್, ರಾಘು ಕತೆಯನ್ನು ಫೋನಿನಲ್ಲೇ ಹೇಳಿದೆ. ಅವಳು ಪೇಪರ್ ಮೇಲೆ ಬಾಣ ಎಳೆದುಕೊಂಡು ಎರಡು ಸಲ ಮಾಡಿ ನೋಡಿದಳು. ಎರಡನೇ ಸಲ ಸುಮಾಳನ್ನು ಮೊದಲು ಕರೆದು ನೋಡಿದಳಂತೆ, ಆಗಲೂ ಫಲಿತಾಂಶ ಅದೇ ಬಂತು. ನೀವೂ ಮಾಡಿ ನೋಡಿ, ಬರುತ್ತದೆ. ಆಮೇಲೆ ಕೇಳಿದಳು, "ಸೇವ್ ಮಾಡಿದೀನಿ ಅಕ್ಕಾ, ಸಾಕಲ್ವಾ?" ಸಾಲದು. ಸರ್ಟಿಫೈ ಅನ್ನೋ ಬಟನ್ ಒತ್ತಬೇಕು, ಆಮೇಲೆ ಒಂದು ಹೆಸರು ಆಚೀಚೆ ಮಾಡಿದರೂ ಮತ್ತೆ ಒತ್ತಬೇಕು. ಹತ್ತು ನಿಮಿಷ ಬಿಟ್ಟು ಸ್ಕ್ರೀನ್‌ಶಾಟ್ ಕಳಿಸಿದಳು. ಆರು ಹೆಸರು, ಆ ಇಂಟರ್ವ್ಯೂ ಕೆಟ್ಟಿತು ಅಂದಿದ್ದಳಲ್ಲ, ಆ ಆಸ್ಪತ್ರೆ ಎಲ್ಲಕ್ಕಿಂತ ಮೇಲೆ.